ಎಂಜಿನ್ ಚಾಲೂ ಮಾಡದೆ ಕಾರು ದಾಟಿಸುವ ಮಲ್ಲಕ್ಕ

ದಹಿಸರ್ ಪೂರ್ವದ ಈ ಓಣಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಲಿನ ಟೆಂಪೊ ಈಗಷ್ಟೇ ಬಂದು ಹೋಗಿದೆ. ಮಲ್ಲಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ಬಿಳಿ ಕಾರೊಂದರ ಹಿಂಭಾಗಕ್ಕೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ ನಿಂತಿದ್ದಾರೆ. ಗಂಡ ಕಾಶಿನಾಥ ಮುಂದಿನ ಕಿಟಕಿಯೊಳಗೆ ಬಲಗೈ ತೂರಿಸಿ ಸ್ಟಿಯರಿಂಗ್ ಹಿಡಿದಿದ್ದಾರೆ. ಒಳಗೆ ಯಾರೂ ಇಲ್ಲ. ಎಂಜಿನ್ ಸದ್ದೂ ಇಲ್ಲ. ಕಾರು ಮಾತ್ರ ಓಣಿಯ ಈ ಬದಿಯಿಂದ ಆ ಬದಿಗೆ ಹೊರಳುತ್ತಿದೆ.

"ಬಾ... ಬಾ... ಇನ್ನೊಂದ್ ಚೂರು... ಏ ಸಾಕು, ಸಾಕು, ಕಲ್ಲು ಕೊಡು!" ಎಂದು ಕಾಶಿನಾಥ ಪಿಸುದನಿಯಲ್ಲೇ ಕೂಗುತ್ತಾರೆ.

ಮಲ್ಲಕ್ಕ ಓಡಿಬಂದು ಗಾಲಿಗೆ ಇಟ್ಟಿಗೆ ತುಂಡು ಒತ್ತುತ್ತಾರೆ. ಕಾರು ನಿಲ್ಲುತ್ತದೆ. ಮುಂದಿನ ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು.

"ಸಾಕು ಅನ್ನೋದು ಗ್ವಾಡಿಗಿ ತಾಗೋ ಹೊತ್ತಿಗಿ ಅನಬ್ಯಾಡ್ರಿ, ಮದ್ಲ ಅನ್ರಿ," ಎನ್ನುತ್ತಾರೆ ಮಲ್ಲಕ್ಕ, ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಡುತ್ತ.

"ನೀ ಮೆಲ್ಲಕ ನೂಕಿದ್ರ ಮದ್ಲ ಅಂತಿದ್ನಿ."

ಇನ್ನೂ ಹನ್ನೊಂದು ಕಾರು ಬಾಕಿ. ಇವತ್ತು ಸಮ ತಾರೀಖು. ಓಣಿಯ ಕಾರುಗಳೆಲ್ಲ ಬೆಳಗಾಗುವುದರೊಳಗೆ ಎಡದಿಂದ ಬಲಕ್ಕೆ ಹೋಗಬೇಕು. ನಾಳೆ ಬಲದಿಂದ ಎಡಕ್ಕೆ ಬರಬೇಕು. ನಾಡಿದ್ದು ಮತ್ತೆ ಹೀಗೆಯೇ. ಈ ಕೆಲಸಕ್ಕೆ ಒಂದು ಹೆಸರೂ ಇಲ್ಲ. ಕೇಳಿದರೆ ಮಲ್ಲಕ್ಕ ತಾನು ಗಾಡಿ ತೊಳೆಯುವವಳು ಎಂದೇ ಹೇಳಿಕೊಳ್ಳುತ್ತಾರೆ. ನೂಕುವುದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿದಿಲ್ಲ, ಅವರೂ ಹಿಡಿದಿಲ್ಲ.

ಓಣಿಯ ಎಡಕ್ಕೆ ಸುಖಶಾಂತಿ ಸೊಸೈಟಿ. ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗ್. ಕಟ್ಟಿದ ಕಾಲದಲ್ಲಿ ಅಲ್ಲಿ ಯಾರ ಬಳಿಯೂ ಕಾರಿರಲಿಲ್ಲ, ಹಾಗಾಗಿ ನಿಲ್ಲಿಸಲು ಜಾಗವನ್ನೂ ಬಿಡಲಿಲ್ಲ. ಬಲಕ್ಕೆ ಆರ್ಕಿಡ್ ಟವರ್, ಹೊಸದು. ಅಲ್ಲಿ ಒಂದರ ಮೇಲೊಂದು ಕಾರು ಎತ್ತಿಡುವ ಯಂತ್ರವಿದೆ. ಯಂತ್ರ ಕೆಟ್ಟಿದೆ. ಮಳೆಗಾಲದಲ್ಲಿ ಅದರ ಕೆಳಗಿನ ಹೊಂಡದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಸೊಳ್ಳೆ ನಿಲ್ಲುತ್ತವೆ. ಕಾರು ಮಾತ್ರ ರಸ್ತೆಯಲ್ಲಿ ನಿಲ್ಲುತ್ತವೆ.

ರಸ್ತೆ ಯಾರದು ಎಂಬುದು ಜಗಳ. ನಮ್ಮ ಗೇಟಿನ ಮುಂದಿನದು ನಮ್ಮದು ಎಂದು ಸುಖಶಾಂತಿಯವರು ಹೂಕುಂಡ ಇಟ್ಟರು. ರಸ್ತೆ ಸರ್ಕಾರದ್ದು ಎಂದು ಆರ್ಕಿಡ್‌ನವರು ಹೂಕುಂಡ ಎತ್ತಿಟ್ಟು ಕಾರು ನಿಲ್ಲಿಸಿದರು. ಮರುದಿನ ಆ ಕಾರಿನ ನಾಲ್ಕೂ ಗಾಲಿಯ ಹವಾ ಹೋಗಿತ್ತು. ಆಮೇಲೆ ಮುರಿದ ಕುರ್ಚಿ ಬಂತು, ಸಿಮೆಂಟು ತುಂಬಿದ ಬಣ್ಣದ ಡಬ್ಬಿ ಬಂತು, ಜಾಗ ಹಿಡಿಯಲೆಂದೇ ಗುಜರಿಯಿಂದ ತಂದ ಸ್ಕೂಟರೂ ಬಂತು. ಒಬ್ಬರ ಕಾರಿನ ಫೋಟೊ ಇನ್ನೊಬ್ಬರು ತೆಗೆದು ಟ್ರಾಫಿಕ್‌ನವರಿಗೆ ಕಳಿಸಿದರು. ಎರಡೂ ಕಡೆಯವರು ಬರೆದ ದೂರುಗಳಿಗೆ ಉತ್ತರವಾಗಿ ಹೋದ ವರ್ಷ ಬೋರ್ಡು ಬಂತು. ಬೆಸ ತಾರೀಖು ಎಡಕ್ಕೆ, ಸಮ ತಾರೀಖು ಬಲಕ್ಕೆ. ಬೋರ್ಡು ಬಂದರೆ ಜಗಳ ನಿಲ್ಲುತ್ತದೆ ಎಂದುಕೊಂಡಿದ್ದರು. ಜಗಳಕ್ಕೊಂದು ತಾರೀಖು ಸಿಕ್ಕಿತು, ಅಷ್ಟೇ.

"ಗಾಡಿ ತಗೊಳ್ಳುವಾಗ ಅಂಗಡ್ಯಾಂವ ಹಾರ ಹಾಕ್ತಾನಂತ, ಪೇಡೆ ಕೊಡ್ತಾನಂತ. ಜಾಗಾ ಕೊಡಂಗಿಲ್ಲಂತ," ಎನ್ನುತ್ತಾರೆ ಮಲ್ಲಕ್ಕ. "ಜಾಗಾ ಮಲ್ಲಕ್ಕ ಕೊಡಬೇಕು."

ಚಿತ್ತಾಪುರದ ಕಡೆಯ ಹಳ್ಳಿಯಿಂದ ಮದುವೆಯಾದ ವರ್ಷವೇ ಮುಂಬಯಿಗೆ ಬಂದವರು ಅವರು. ಕಟ್ಟಡಗಳಲ್ಲಿ ಬುಟ್ಟಿ ಹೊತ್ತರು. ಕಾಶಿನಾಥ ಸೆಂಟ್ರಿಂಗ್ ಕೆಲಸದಲ್ಲಿದ್ದಾಗ ಮೇಲಿಂದ ಹಲಗೆ ಬಿದ್ದು ಎಡ ಭುಜ ಹೋಯಿತು. ಭಾರ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಬಕೆಟ್ಟು, ಅರಿವೆ ಹಿಡಿದು ಇಬ್ಬರೂ ಈ ಓಣಿಗೆ ಬಂದದ್ದು ಆಮೇಲೆ. ದಹಿಸರ್ ನದಿಯ ಆಚೆ ದಂಡೆಯಲ್ಲಿ ಒಂದು ಕೋಣೆ ಇದೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಅದೇ ಕೋಣೆಯಿಂದ ಆಗಿದೆ.

ಎಂಜಿನ್ ಚಾಲೂ ಮಾಡುವ ಹಾಗಿಲ್ಲ ಎಂಬುದು ಓಣಿಯ ಕಟ್ಟಳೆ. ಪಕ್ಕದ ಓಣಿಯಲ್ಲಿ ಗಾಡಿ ತೊಳೆಯುವವನೊಬ್ಬ ಹುಮ್ಮಸ್ಸಿನಲ್ಲಿ ಕಾರು ಓಡಿಸಿ ಗೋಡೆಗೆ ಗುದ್ದಿದ ಮೇಲೆ ಇಲ್ಲಿಯವರು ಹೀಗೆ ನಿಶ್ಚಯಿಸಿದರು. ಚಾವಿ ಕೊಡುತ್ತೇವೆ, ಸ್ಟಿಯರಿಂಗ್ ಬಿಡಿಸಿಕೊಳ್ಳಿ, ನ್ಯೂಟ್ರಲ್ ಮಾಡಿ, ನೂಕಿ. ಒಳಗೆ ಕೂರಬೇಡಿ. ಸೀಟು ಕೊಳೆಯಾಗುತ್ತದೆ ಎಂದು ಒಬ್ಬರು ಸೇರಿಸಿದರು.

ಹಾಗಾಗಿ ಕಾಶಿನಾಥ ಕಿಟಕಿಯಿಂದ ಕೈ ಹಾಕುತ್ತಾರೆ. ನೂಕುವುದು ಮಲ್ಲಕ್ಕ. ಎಂಜಿನ್ ಇಲ್ಲದ ಸ್ಟಿಯರಿಂಗ್ ಕಲ್ಲಿನ ಹಾಗೆ, ಒಂದೇ ಕೈಯಲ್ಲಿ ತಿರುಗಿಸಲು ದಮ್ಮು ಬೇಕು. ಎಂಜಿನ್ ಇಲ್ಲದ ಬ್ರೇಕು ನಂಬುವಂಥದ್ದಲ್ಲ, ಅದಕ್ಕೇ ಇಟ್ಟಿಗೆ. ಓಣಿ ನದಿಯ ಕಡೆಗೆ ಕೊಂಚ ಇಳಿಜಾರು ಬೇರೆ. ಇಳಿಯುವಾಗ ನೂಕುವುದಲ್ಲ, ಹಿಡಿದು ನಿಲ್ಲಬೇಕು. ಮಲ್ಲಕ್ಕನ ಅಂಗೈ ನೋಡಿದರೆ ಅರಿವೆ ಹಿಂಡುವ ಕೈ ಎನ್ನುವುದಿಲ್ಲ.

ಚಾವಿಗಳು ಅವರ ಎಲೆಅಡಿಕೆಯ ಸಂಚಿಯಲ್ಲಿರುತ್ತವೆ. ಅವರಿಗೆ ಓದು ಬರುವುದಿಲ್ಲ. ಒಂದೊಂದು ಚಾವಿಗೂ ಹಳೆಯ ಸೀರೆಯ ಒಂದೊಂದು ಚಿಂದಿ ಕಟ್ಟಿದ್ದಾರೆ. ಹಸಿರು ಚಿಂದಿಯದು ಸುಖಶಾಂತಿಯ ದೂಜ ಪೂಜಾರಿಯವರ ಕಾರು. ಚೌಕಡಿ ಚಿಂದಿಯದು ಆರ್ಕಿಡ್‌ನ ಸೆಕ್ರೆಟರಿ ವಿನೋದಿನಿ ಮೇಡಂ ಅವರದು. ಚಾವಿ ಇದ್ದರೆ ಕೆಲಸ ಇದೆ.

ಅಪ್ಪಣೆಗಳಿಗೆ ಕೊನೆಯಿಲ್ಲ. ಬೇಸಿಗೆಯಲ್ಲಿ ಎಲ್ಲರಿಗೂ ಬಾದಾಮಿ ಮರದ ಕೆಳಗಿನ ಜಾಗವೇ ಬೇಕು. ಕಾಗೆ ಗೂಡು ಕಟ್ಟಿದ ಮೇಲೆ ಯಾರಿಗೂ ಬೇಡ. ನನ್ನ ಕಾರು ಅವರ ಕಾರಿನ ಹಿಂದೆ ಬೇಡ ಎನ್ನುವವರಿದ್ದಾರೆ. ನನ್ನದನ್ನು ಅವರ ಗೇಟಿಗೆ ಅಡ್ಡವಾಗಿಯೇ ನಿಲ್ಲಿಸು ಎನ್ನುವವರೂ ಇದ್ದಾರೆ. ಒಬ್ಬರಿಗೊಬ್ಬರು ಮಾತು ಬಿಟ್ಟಿರುವುದರಿಂದ ಎಲ್ಲವೂ ಮಲ್ಲಕ್ಕನ ಮೂಲಕವೇ ಹೋಗಬೇಕು.

"ಅಕಡಿ ಮಂದಿ ನನ್ನ ಬೈತಾರ, ಇಕಡಿ ಮಂದಿನೂ ನನ್ನ ಬೈತಾರ. ಅವರವರ ನಡುವ ಬೈದಾಡಿದ್ರ ಅರ್ಧಾ ತಾಸಿನಾಗ ಮುಗೀತಿತ್ತು," ಎನ್ನುತ್ತಾರೆ. "ಮಗಜ್ ಖರಾಬ್ ಮಾಡ್ಯಾರ."

ಮಲ್ಲಕ್ಕನ ಪಾಲಿಗೆ ಬೋರ್ಡಿನ ಕಾನೂನು ಸರಳ. ನಿನ್ನೆ ಅಲ್ಲಿದ್ದರೆ ಇವತ್ತು ಇಲ್ಲಿ. ಕ್ಯಾಲೆಂಡರು ನೋಡುವ ಅಗತ್ಯ ಬೀಳುವುದು ಮೂವತ್ತೊಂದು ದಿನದ ತಿಂಗಳು ಮುಗಿದಾಗ ಮಾತ್ರ. ಮೂವತ್ತೊಂದೂ ಬೆಸ, ಮರುದಿನದ ಒಂದನೇ ತಾರೀಖೂ ಬೆಸ. ಕಾರು ಇದ್ದಲ್ಲೇ ಇರಬೇಕು. ಅದನ್ನು ನೆನಪಿಸಲು ದೂಜ ಪೂಜಾರಿ ಇದ್ದರು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತು ನಿವೃತ್ತರಾದ ಅವರು ಈಗ ಎರಡನೇ ಮಾಳಿಗೆಯ ಬಾಲ್ಕನಿಯಲ್ಲಿ ಕೂರುತ್ತಾರೆ. ಅಂಥ ಬೆಳಗಿನಲ್ಲಿ ಅಲ್ಲಿಂದಲೇ ಕೂಗುತ್ತಿದ್ದರು: "ಮಲ್ಲಕ್ಕಾ, ಇವತ್ತು ನೂಕುದು ಬೇಡ ಮಾರಾಯ್ತಿ! ಒಂದು ಚಾ ಕುಡಿ!"

ಈ ಸಲ ಅವರು ತಂಗಿಯ ಮಗಳ ಮದುವೆಗೆಂದು ಮೂಲ್ಕಿಗೆ ಹೋಗಿದ್ದರು. ಬಾಲ್ಕನಿ ಖಾಲಿಯಿತ್ತು. ಒಂದನೇ ತಾರೀಖಿನ ಬೆಳಿಗ್ಗೆ ಮಲ್ಲಕ್ಕ ಮತ್ತು ಕಾಶಿನಾಥ ಎಂದಿನಂತೆ ಬಂದರು, ಎಂದಿನಂತೆ ನೂಕಿದರು. ಓಣಿಯ ಕಾರುಗಳನ್ನೆಲ್ಲ ಶ್ರದ್ಧೆಯಿಂದ ತಪ್ಪು ಬದಿಗೆ ಸಾಗಿಸಿದರು. ಒಂದನ್ನು ಬಿಟ್ಟು. ಸುಖಶಾಂತಿಯ ಮೂರನೇ ಮಾಳಿಗೆಯ ನಮಿತಾ ಅವರ ಬೂದು ಬಣ್ಣದ ಕಾರಿನ ಗಾಲಿಯಲ್ಲಿ ಹವಾ ಇರಲಿಲ್ಲ. ನೂಕಿದರೂ ಕದಲಲಿಲ್ಲ. ಅದು ಇದ್ದಲ್ಲೇ ಉಳಿಯಿತು.

ಟೋಯಿಂಗ್ ವ್ಯಾನು ಮಧ್ಯಾಹ್ನದೊಳಗೆ ಬಂತು. ಎರಡು ಕಾರು ಎತ್ತಿಕೊಂಡು ಹೋಯಿತು. ಉಳಿದವಕ್ಕೆಲ್ಲ ದಂಡ ಬಿತ್ತು. ಇಡೀ ಓಣಿಯಲ್ಲಿ ಕಾನೂನು ಪ್ರಕಾರ ನಿಂತಿದ್ದದ್ದು ಆ ಬೂದು ಕಾರು ಒಂದೇ.

ಇದನ್ನು ಯಾರೂ ನಗುತ್ತ ತೆಗೆದುಕೊಳ್ಳಲಿಲ್ಲ, ಏಕೆಂದರೆ ಆ ಕಾರನ್ನು ಕಂಡರೆ ಎರಡೂ ಬಿಲ್ಡಿಂಗಿಗೆ ಆಗುವುದಿಲ್ಲ. ಅದು ನಮಿತಾ ಅವರ ಗಂಡ ಪ್ರಶಾಂತ ಅವರದು. ಹೋದ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೂವತ್ತಾರು ವಯಸ್ಸು. ನಮಿತಾ ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಮಾರಿಯೂ ಇಲ್ಲ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಬ್ಯಾಂಕಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಕಾರಿನ ಪಕ್ಕದಿಂದಲೇ ಹಾದು ಮೆಟ್ಟಿಲು ಹತ್ತುತ್ತಾರೆ. ಓಡದ ಕಾರಿಗೇಕೆ ಜಾಗ ಎಂದು ಯಾರೋ ಮುನಿಸಿಪಾಲಿಟಿಗೆ ಬರೆದಿದ್ದರು. ದಿಕ್ಕಿಲ್ಲದೆ ಬಿದ್ದ ವಾಹನಗಳನ್ನು ಅವರು ಎತ್ತಿಕೊಂಡು ಹೋಗುತ್ತಾರೆ. ನೋಡಲು ಬಂದವನಿಗೆ ಧೂಳು ಕಾಣಲಿಲ್ಲ. ದಿನಾ ಬದಿ ಬದಲಿಸುತ್ತದೆ ಎಂದು ವಾಚ್‌ಮನ್ ಹೇಳಿದ. ಬಂದವನು ತಿರುಗಿ ಹೋದ. ಧೂಳು ಒರೆಸುವವರೂ ಬದಿ ಬದಲಿಸುವವರೂ ಮಲ್ಲಕ್ಕ.

ಇಷ್ಟು ವರ್ಷಗಳ ಜಗಳದಲ್ಲಿ ಎರಡು ಸೊಸೈಟಿಗಳು ಮೊದಲ ಸಲ ಒಮ್ಮತಕ್ಕೆ ಬಂದದ್ದು ಅಂದು ಸಂಜೆ. ತಪ್ಪು ಮಲ್ಲಕ್ಕನದು. ಚಾವಿ ವಾಪಸ್ ಪಡೆಯಬೇಕು. ಓಡದ ಕಾರು ಓಣಿಯಲ್ಲಿರಬಾರದು.

ಮೂಲ್ಕಿಯಿಂದ ಆಗಷ್ಟೇ ಬಂದಿಳಿದ ದೂಜ ಪೂಜಾರಿಯವರೂ ಚೀಲ ಕೆಳಗಿಡುವ ಮೊದಲೇ ಕೇಳಿದರು: "ಎಂತ ಮಲ್ಲಕ್ಕ ಇದು? ನಾನು ನಾಲ್ಕು ದಿನ ಊರಿಗೆ ಹೋದ್ರೆ ನಿಮಗೆ ಒಂದು ಕ್ಯಾಲೆಂಡರ್ ಇಲ್ವಾ?"

"ದೂಜಣ್ಣಾ, ಕ್ಯಾಲೆಂಡರ ನೀವೇ ಇದ್ರಿ," ಎಂದರು ಮಲ್ಲಕ್ಕ.

ಸಂಚಿಯನ್ನು ಕಾರೊಂದರ ಬಾನೆಟ್ಟಿನ ಮೇಲೆ ಬಿಚ್ಚಿಟ್ಟರು. ಒಬ್ಬೊಬ್ಬರೇ ಬಂದು ತಮ್ಮ ಚಾವಿ ಎತ್ತಿಕೊಂಡರು. ಕೆಲವರು ಚಿಂದಿ ಬಿಚ್ಚಿ ಅಲ್ಲೇ ಎಸೆದರು. ವಿನೋದಿನಿ ಮೇಡಂ ಚಾವಿಗೆ ಹತ್ತಿದ ಸುಣ್ಣವನ್ನು ಕಾಗದದಲ್ಲಿ ಒರೆಸಿದರು. ಕೊನೆಗೆ ಸಂಚಿಯಲ್ಲಿ ಉಳಿದದ್ದು ಅಡಿಕೆ, ಸುಣ್ಣದ ಡಬ್ಬಿ ಮತ್ತು ಒಂದು ಚಾವಿ. ಅದರ ಚಿಂದಿ ಬಿಳಿಯದು. ನಮಿತಾ ಕೆಳಗೆ ಬಂದಿರಲಿಲ್ಲ.

ಅಂದು ಮನೆಗೆ ಹೋಗುವ ಮುನ್ನ ಮಲ್ಲಕ್ಕ ಮೂಲೆಯ ಪಂಕ್ಚರ್ ಅಂಗಡಿಯವನನ್ನು ಕರೆತಂದು ಬೂದು ಕಾರಿನ ಗಾಲಿಗೆ ಹವಾ ತುಂಬಿಸಿದರು. ಮರುದಿನ ಎರಡನೇ ತಾರೀಖು. ಕಾರು ಆಚೆ ಬದಿಗೆ ಹೋಗದಿದ್ದರೆ ವ್ಯಾನು ಬರುತ್ತದೆ. ಅದನ್ನು ಎತ್ತಿಕೊಂಡು ಹೋದರೆ ಬಿಡಿಸಿ ತರುವವರಿಲ್ಲ. ತರಬೇಡಿ ಎನ್ನುವವರು ಎರಡು ಬಿಲ್ಡಿಂಗ್ ತುಂಬ ಇದ್ದಾರೆ.

ಬೆಳಿಗ್ಗೆ ಕಾಶಿನಾಥ ಏಳಲಿಲ್ಲ. "ಅವರ ಗಾಡಿ ಅವರೇ ನೂಕ್ಲಿ. ನಾ ಬರಂಗಿಲ್ಲ," ಎಂದು ಗೋಡೆಯ ಕಡೆ ಹೊರಳಿದರು.

"ಆಕಿದು ಒಂದ ಅದರಿ."

"ಮಂದಿ ಮುಂದ ಅಷ್ಟು ಮಾನ ಹೋತು, ಇನ್ನ ಸಾಕಾಗಿಲ್ಲೇನು?"

ಮಲ್ಲಕ್ಕ ಒಬ್ಬರೇ ಬಂದರು. ಒಬ್ಬರೇ ನೂಕಬಹುದು, ಸ್ಟಿಯರಿಂಗ್ ಹಿಡಿಯಲೂ ಬಹುದು, ಎರಡೂ ಒಟ್ಟಿಗೆ ಆಗುವುದಿಲ್ಲ. ಕಾರಿನ ಸುತ್ತ ಎರಡು ಸಲ ಸುತ್ತಿ ಮೂರನೇ ಮಾಳಿಗೆ ಹತ್ತಿ ಗಂಟೆ ಒತ್ತಿದರು. ನಮಿತಾ ಎಚ್ಚರವೇ ಇದ್ದರು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಹುಡುಕಬೇಕು.

"ಮಲ್ಲಕ್ಕ, ನನಗೆ ಬರಲ್ಲ. ಐ ಮೀನ್, ನಾನು ಯಾವತ್ತೂ ಆ ಸೈಡ್ ಕೂತೇ ಇಲ್ಲ."

"ಓಡಸು ಅಂತ ಯಾರು ಅಂದ್ರು ಯವ್ವಾ? ಹಿಡಕೊಂಡು ಕೂಡು ಅಷ್ಟೇ. ನೂಕಾಕಿ ನಾನು."

ನಮಿತಾ ಮನೆಯುಡುಪಿನಲ್ಲೇ ಇಳಿದು ಬಂದರು. ಬಾಗಿಲು ತೆಗೆದು ಒಂದು ಕ್ಷಣ ನಿಂತರು. ಕಾಶಿನಾಥ ಕಿಟಕಿಯಿಂದಲೇ ಕೈ ಹಾಕುವವರಾದ್ದರಿಂದ ಆ ಸೀಟಿನಲ್ಲಿ ಇಷ್ಟು ದಿನ ಯಾರೂ ಕೂತಿರಲಿಲ್ಲ. ಉದ್ದ ಕಾಲಿನ ಪ್ರಶಾಂತ ಎಷ್ಟು ಹಿಂದಕ್ಕೆ ತಳ್ಳಿ ಬಿಟ್ಟಿದ್ದರೋ ಅಷ್ಟೇ ಹಿಂದಿತ್ತು. ನಮಿತಾ ಅವರ ಕಾಲು ಏನನ್ನೂ ಮುಟ್ಟಲಿಲ್ಲ. ಅಂಚಿನಲ್ಲಿ ಕೂತು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದರು. ಗಾಬರಿಯಲ್ಲಿ ಹಾರ್ನ್ ಒತ್ತಿದರು. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಸದ್ದು ಬರಲಿಲ್ಲ.

"ಬಲಕ ಹೊರಳಸು. ಇನ್ನಾ. ಇನ್ನಾ. ಎಷ್ಟು ಬಿಗಿ ಅದ ಅಂತ ಹೆದರಬ್ಯಾಡ, ಅದು ಹಂಗೇ ಇರ್ತದ."

ಕಾರು ಹೊರಟಿತು. ಮೇಲಿನ ಕಿಟಕಿಗಳಲ್ಲಿ ಒಂದೆರಡು ಮುಖ ಕಂಡವು. ಇಳಿಜಾರಿನಲ್ಲಿ ಮಲ್ಲಕ್ಕ ಹಿಂಬದಿಯ ಅಂಚು ಹಿಡಿದು ಹಿಂದಕ್ಕೆ ವಾಲಿದರು. ಚಪ್ಪಲಿ ಜಾರಿತು. ಅಷ್ಟರಲ್ಲಿ ಓಣಿಯ ತುದಿಯಿಂದ ಒಬ್ಬರು ಓಡಿಬಂದು ಗಾಲಿಗೆ ಇಟ್ಟಿಗೆ ಕೊಟ್ಟರು. ಕಾಶಿನಾಥ.

"ಮಲಗಿದ್ರಿ ಅಲ್ಲ?" ಎಂದರು ಮಲ್ಲಕ್ಕ.

"ಕಲ್ಲು ಯಾರು ಕೊಡ್ತಾರ ಅಂತ ನಿದ್ದಿ ಬರಲಿಲ್ಲ."

ಆ ವಾರ ಓಣಿಯವರು ತಮ್ಮ ಕಾರನ್ನು ತಾವೇ ದಾಟಿಸಿಕೊಂಡರು. ಬೆಳಗಿನ ಜಾವ ಎಲ್ಲರೂ ಏಕಕಾಲಕ್ಕೆ ಎಂಜಿನ್ ಚಾಲೂ ಮಾಡಿದರು. ಯಾರೂ ಇನ್ನೊಬ್ಬರಿಗೆ ದಾರಿ ಬಿಡಲಿಲ್ಲ, ಏಕೆಂದರೆ ಆಚೆ ಬದಿಯ ಒಳ್ಳೆಯ ಜಾಗ ಎಲ್ಲರಿಗೂ ಬೇಕು, ಅದು ಇನ್ನೊಬ್ಬರಿಗೆ ಸಿಗಬಾರದು. ಹಾರ್ನ್ ಹೊಡೆದರು. ಮಕ್ಕಳು ಎದ್ದು ಅತ್ತವು. ಸುಖಶಾಂತಿಯ ಒಬ್ಬರು ರಿವರ್ಸ್ ತೆಗೆದು ಆರ್ಕಿಡ್‌ನ ಒಬ್ಬರ ದೀಪ ಒಡೆದರು. ಮರುದಿನ ಶಾಲೆಯ ರಿಕ್ಷಾ ನಡುವೆ ಸಿಕ್ಕಿಕೊಂಡು, ಮಕ್ಕಳು ಇಳಿದು ನಡೆದುಕೊಂಡೇ ಹೋದವು. ಯಾವ ತಾರೀಖಿಗೆ ಯಾವ ಬದಿ ಎಂಬ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಮಾತು ಬೆಳೆದು ಇಬ್ಬರು ಗುಂಪು ಬಿಟ್ಟರು. ಓಡದ ಕಾರನ್ನು ತೆಗೆಸುವ ನಿರ್ಧಾರ ಆ ಗದ್ದಲದಲ್ಲಿ ಎಲ್ಲೋ ಬಿದ್ದುಹೋಯಿತು. ತಪ್ಪಾಯಿತು ಎಂದು ಯಾರೂ ಅದನ್ನು ಕೈಬಿಟ್ಟದ್ದಲ್ಲ. ಬೈಯಲು ಅದಕ್ಕಿಂತ ಹತ್ತಿರದವರು ಸಿಕ್ಕರು.

ಮಲ್ಲಕ್ಕ ದಿನಾ ಬಂದರು, ಒಂದು ಕಾರು ತೊಳೆದರು, ಒಂದು ಕಾರು ದಾಟಿಸಿದರು, ಹೋದರು.

ಮೊದಲ ಚಾವಿ ವಾಪಸ್ ಬಂದದ್ದು ವಿನೋದಿನಿ ಮೇಡಂ ಅವರಿಂದ. "ಮಲ್ಲಕ್ಕಾ, ಜೋ ಹುವಾ ಸೋ ಹುವಾ," ಎಂದು, ಆದದ್ದು ಆಯಿತು ಎಂಬಂತೆ, ಗೇಟಿನಲ್ಲಿ ನಿಂತು ಚಾವಿ ಚಾಚಿದರು.

"ಹುವಾ ತೋ ಹುವಾ, ಮೇಡಂ. ಆಪ್ ಕೋ ಭಿ ಹುವಾ, ಮೇರೆ ಕೋ ಭಿ ಹುವಾ," ಎಂದರು ಮಲ್ಲಕ್ಕ, ನಿಮಗೂ ಆಯಿತು, ನನಗೂ ಆಯಿತು ಎಂಬ ಹಾಗೆ. ಚಾವಿ ತೆಗೆದುಕೊಂಡರು. ಚೌಕಡಿ ಚಿಂದಿ ಹೋಗಿತ್ತು, ಹೊಸದು ಕಟ್ಟಬೇಕಾಯಿತು.

ಉಳಿದವರು ವಾಚ್‌ಮನ್ ಕೈಯಲ್ಲಿ ಕಳಿಸಿದರು. ದೂಜ ಪೂಜಾರಿ ಬಾಲ್ಕನಿಯಿಂದ ಪ್ಲಾಸ್ಟಿಕ್ ಬುಟ್ಟಿ ಇಳಿಬಿಟ್ಟರು. ಅದರಲ್ಲಿ ಚಾವಿಯಿತ್ತು. ಹಸಿರು ಚಿಂದಿ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಹೋಟೆಲಿನವರು ಹಂಚುವ, ದೇವರ ಚಿತ್ರದ ಕ್ಯಾಲೆಂಡರ್ ಒಂದು ಸುರುಳಿ ಸುತ್ತಿಕೊಂಡಿತ್ತು.

"ಇದನ್ನ ಏನು ಮಾಡ್ಲಿ ದೂಜಣ್ಣಾ? ನನಗ ಓದಾಕ ಬರಂಗಿಲ್ಲ."

"ಗೋಡೆಗೆ ತೂಗು ಹಾಕು. ನಾನು ಕೂಗ್ತೇನೆ, ಅದು ಬೇರೆ."

"ಊರಿಗಿ ಹೋದ್ರ?"

"ಹೋಗುದಿಲ್ಲ ಮಾರಾಯ್ತಿ! ಫೋನ್ ಮಾಡ್ತೇನೆ!"

ಈಗ ಎಲ್ಲ ಮೊದಲಿನ ಹಾಗೆಯೇ ಇದೆ, ಎಂದರೆ ಸರಿಯಾಗಿಲ್ಲ. ಹೂಕುಂಡ ಮತ್ತೆ ಬಂದಿದೆ. ಯಂತ್ರ ರಿಪೇರಿಯಾಗಿಲ್ಲ. ಒಡೆದ ದೀಪದ ಮೇಲೆ ಹೊಸ ದೂರು ಹೋಗಿದೆ. ದಾಟಿಸಿದ ಕಾರಿನ ಮೇಲೆ ಕಾಗೆ ಹಿಕ್ಕೆ ಹಾಕಿದೆ ಎಂದು ಇವತ್ತೂ ನಾಲ್ಕನೇ ಮಾಳಿಗೆಯಿಂದ ಒಂದು ಕೂಗು ಬಂದಿದೆ. "ಕಾಗಿಗೂ ಬೋರ್ಡ್ ಹಚ್ಚಸ್ರಿ," ಎಂದು ಮಲ್ಲಕ್ಕ ತಲೆಯೆತ್ತದೆ ಉತ್ತರ ಕೊಟ್ಟಿದ್ದಾರೆ.

ಬೂದು ಕಾರಿನ ಸರದಿ ಕೊನೆಗೆ. ಕಾಶಿನಾಥ ಕೈ ಹಾಕುವ ಅಗತ್ಯ ಅದಕ್ಕಿಲ್ಲ. ನಮಿತಾ ಬೆಳಿಗ್ಗೆ ತಾವೇ ಇಳಿದು ಬರುತ್ತಾರೆ, ಕೂರುತ್ತಾರೆ, ಹೊರಳಿಸುತ್ತಾರೆ, ಇಳಿದು ಲೋಕಲ್ ಹಿಡಿಯಲು ಹೋಗುತ್ತಾರೆ. ಹೆಚ್ಚು ಮಾತಿಲ್ಲ. ಇವತ್ತು ಅವರು ಹೋದ ಮೇಲೆ ಮಲ್ಲಕ್ಕ ಒಳಗೆ ಅರಿವೆ ಆಡಿಸಲು ಬಾಗಿಲು ತೆಗೆಯುತ್ತಾರೆ. ಬಗ್ಗಿದವರು ಹಾಗೇ ನಿಲ್ಲುತ್ತಾರೆ.

"ನೋಡ್ರಿ ಇಲ್ಲಿ," ಎಂದು ಗಂಡನನ್ನು ಕರೆಯುತ್ತಾರೆ. "ಸೀಟು ಮುಂದ ಬಂದದ."

ಕಾಶಿನಾಥ ಇಣುಕಿ ನೋಡಿ ಹೂಂ ಎನ್ನುತ್ತಾರೆ. ಮಲ್ಲಕ್ಕ ಸೀಟನ್ನು ಅಲುಗಿಸದೆ, ಸುತ್ತಲಿನ ಜಾಗವನ್ನಷ್ಟೇ ಒರೆಸಿ ಬಾಗಿಲು ಹಾಕುತ್ತಾರೆ. ಅರಿವೆ ಹಿಂಡುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಅವರಿಗೆ ಹೆಚ್ಚು ಯೋಚಿಸಬೇಕಾಗಿಲ್ಲ.

"ಬ್ಯಾಟರಿ ಒಂದು ಹಾಕಿಸಿದ್ರ ಆತು, ಆಕಿ ಕಲೀತಾಳ. ಒಂದಿನ ಮುಂಜಾನಿ ನಾ ಬಂದಾಗ ಈ ಗಾಡಿ ಇಲ್ಲಿ ಇರಬಾರದು. ಆಕಿನೇ ಹೊಡಕೊಂಡು ಹೋಗಿರಬೇಕು. ಈ ಜಾಗಾ ಖಾಲಿ ಇರಬೇಕ್ರಿ."

ಬಕೆಟ್ಟು ಎತ್ತಿಕೊಂಡು ಎರಡು ಹೆಜ್ಜೆ ನಡೆದವರು ತಿರುಗಿ ಎರಡೂ ಬಿಲ್ಡಿಂಗಿನ ಕಿಟಕಿಗಳನ್ನು ನೋಡುತ್ತಾರೆ.

"ಖಾಲಿ ಆದ ಕೂಡ್ಲೇ ಅದಕ್ಕೂ ಝಗಡಾ ತಗೀತಾರ, ಬಿಡ್ರಿ."